ಅಜ್ಜಿಯ ಅಂಗೈ ಮತ್ತು ಮುಂದಿನ ಚಕ್ರ

ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಅದರ ಹಿಂದೆಯೇ ಜೋಳದ ರೊಟ್ಟಿಯ ವಾಸನೆ ಇಂದಿಗೂ ನನ್ನ ಮೂಗಿಗೆ ಬರುತ್ತದೆ. ಹಡಪಸರದ ನಮ್ಮ ಹಳೆಯ ಮನೆಯ ಅಡುಗೆಮನೆ ಕಿಟಕಿ ತೆರೆಯುತ್ತಿದ್ದುದೇ ಕಾರು ನಿಲ್ಲುವ ಅಂಗಳಕ್ಕೆ. ಒಳಗೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದರೆ ಹೊರಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಕಾರಿನ ಚಕ್ರ ಬಿಚ್ಚುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷವದು. ಮುಂದಿನ ಚಕ್ರ ಗೊರಗೊರ ಎನ್ನುತ್ತಿತ್ತು. ಹೆಂಗಸರೇ ಇರುವ ಮನೆಯಲ್ಲಿ ಕಾರನ್ನು ನೋಡಿಕೊಳ್ಳುವವರಾರು, ಮಾರಿಬಿಡೋಣ ಎಂದು ಅಪ್ಪನ ತಮ್ಮ ಕಾಕಾ ಹಟ ಹಿಡಿದಿದ್ದ. "ಈ ಗಾಡಿ ಅಷ್ಟು ದೂರದ ಭೋರ್ ತನಕಾ ಹೋಗಿ ಬಂದ್ರ ನಾ ಮುಂದ ಮಾತಾಡೂದಿಲ್ಲ, ವೈನಿ," ಎಂದು ಅತ್ತಿಗೆಗೆ ಸವಾಲು ಹಾಕಿದ. "ಹೋಗೂಣ್ರಿ. ನೀವೂ ಬರ್ರಿ," ಎಂದಳು ಅವ್ವ. ಕಾರು ಹೋದರೆ ಅಪ್ಪ ಇನ್ನೊಮ್ಮೆ ಹೋದಂತೆ ಎಂದು ನನಗೆ ಅಳು ಬರುತ್ತಿತ್ತು.

ಹೊಸ ಬೇರಿಂಗ್ ಕೂರಿಸಿ, ಬಿಗಿದಷ್ಟೂ ಭದ್ರವೆಂದು ಅವ್ವ ಮೈಭಾರವೆಲ್ಲ ಹಾಕಿ ನಟ್ಟು ತಿರುಗಿಸಿದಳು. ಬೇರಿಂಗ್ ಸರಿ ಕೂರದಿದ್ದರೆ ಚಕ್ರದ ನಡು ಕಾಯುತ್ತದೆಂದು, ಒಂದಿಷ್ಟು ದೂರ ಓಡಿಸಿ ತಂದು, ಅಲ್ಲಿ ಮುಟ್ಟಿ ನೋಡಲು ಅಜ್ಜಿಯನ್ನು ಕರೆದಳು. ಬಿಸಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಜ್ಜಿಯದೇ ಕೊನೆಯ ಮಾತು. "ತಣ್ಣಗ ಅದ ನೋಡ," ಎಂದಳು ಅಜ್ಜಿ. ಆ ಧೈರ್ಯದಲ್ಲಿ ನಾನೂ ಕೈಯಿಟ್ಟು ಕಿರುಚಿದೆ. ಜೀವನವಿಡೀ ಸುಡುವ ಹಂಚಿನ ಮೇಲೆ ರೊಟ್ಟಿ ತಿರುವಿದ ಕೈಗೆ ಬಿಸಿ ಎಲ್ಲಿಂದ ತಿಳಿಯಬೇಕು? ಅವ್ವ ನೆಲದ ಮೇಲೆ ಕೂತು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು.

ನಟ್ಟು ಅತಿ ಬಿಗಿಯಾದದ್ದಕ್ಕೇ ಚಕ್ರ ಕಾದಿದೆಯೆಂದು ಮತ್ತೆ ಎಲ್ಲ ಬಿಚ್ಚಿದಳು. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಸಡಿಲಿಸಿ, ಬರೀ ಬೆರಳಿಗೆ ಎಷ್ಟು ಬಿಗಿಯುವುದೋ ಅಷ್ಟಕ್ಕೇ ನಿಲ್ಲಿಸಿದಳು. ನಟ್ಟು ಕದಲದಂತೆ ತಡೆಯುವ ಪಿನ್ನಿನ ತೂತು ಸರಿಹೊಂದದಿದ್ದಾಗ ಮುಂದಕ್ಕೆ ಬಿಗಿಯದೆ ತುಸು ಹಿಂದಕ್ಕೇ ಬಿಟ್ಟಳು. "ಇನ್ನ ನಿನ್ನ ಕೈನ ಹೇಳ್ಬೇಕವ್ವಾ," ಎಂದು ನನ್ನ ಅಂಗೈ ಒರೆಸಿದಳು.

ಭೋರಿನ ಪೇಟೆಯಲ್ಲಿ ಕಾರು ನಿಂತಾಗ, ಕಾಕಾ ಇಳಿಯುವ ಮೊದಲೇ ನಾನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಸ್ವಲ್ಪ ಬೆಚ್ಚಗೆ, ಅಷ್ಟೇ. ಕಾಕಾನೂ ಮುಟ್ಟಿ ನೋಡಿದ. ಬಹಳ ಹೊತ್ತು ಕೈ ತೆಗೆಯಲಿಲ್ಲ. "ಅಣ್ಣನ ಗಾಡಿ ಮನ್ಯಾಗ ಇರ್ಲಿ, ವೈನಿ," ಎಂದ. ಮರಳುವಾಗ ಅವ್ವ ಎದುರಿಗೆ ಯಾರೂ ಇಲ್ಲದಿದ್ದರೂ ಹಾರನ್ ಹೊಡೆದಳು. ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ ಊರೆಲ್ಲ ಗೆದ್ದವಳ ಹಾಗೆ ಬೀಸಿದೆ.

ಈಗ ಆ ಮನೆಯಿಲ್ಲ, ಅಂಗಳವಿಲ್ಲ, ಅಜ್ಜಿಯೂ ಅವ್ವನೂ ಇಲ್ಲ, ಕಾರೊಂದು ಉಳಿದಿದೆ. ಮೊನ್ನೆ ನಾನೇ ಅದರ ಬೇರಿಂಗ್ ಸರಿಪಡಿಸಿ, ಓಡಿಸಿ ತಂದು ಮುಟ್ಟಿದೆ. ತಣ್ಣಗಿದೆ ಎನಿಸಿತು. ಆದರೆ ನಾನೂ ಈಗ ದಿನಾ ರೊಟ್ಟಿ ಬಡಿಯುವವಳು. ನನ್ನ ಕೈಯನ್ನು ನಂಬದೆ ಮಗಳನ್ನು ಕೂಗಿದೆ. ಅವಳು ಇನ್ನೂ ಹಂಚು ಮುಟ್ಟದ ಅಂಗೈ ಊರಿದಳು, ತೆಗೆಯಲೇ ಇಲ್ಲ.