ನಾಳೆ ಐದಕ್ಕೆ ವರದಾ

ನಮ್ಮ ಪಕ್ಕದ ಮನೆಯ ವರದಾ ದಿನಾ ಸಂಜೆ ಐದಕ್ಕೆ ನಮ್ಮ ಇಂಡಿ ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಪಡಸಾಲೆಯಲ್ಲಿ ಒಂದು ಜಮಖಾನ, ಗೋಡೆಗೊಂದು ಕರಿಹಲಗೆ. ಆ ಐದರ ಹೊತ್ತಿಗಾಗಿ ಅವಳು ಬಂದ ವರಗಳನ್ನು ಬಿಟ್ಟಳು. ಮದುವೆಯಾದ ಮೇಲೆ ಟ್ಯೂಷನ್ ಬಂದ್ ಎಂದು ಅವರೆಲ್ಲ ಹೇಳಿದ್ದರು. ಆಮೇಲೆ ಅವಳ ವಯಸ್ಸಿನ ಚಿಂತೆಯನ್ನು ಓಣಿಯವರೇ ವಹಿಸಿಕೊಂಡರು.

ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಒಂದು ಪಾಠ ಬಾಯಿಗೆ ಬಂದಿದೆ. ಫ್ಯೂಚರ್ ಕಂಟಿನ್ಯುಅಸ್ ಅಂತ ಅದರ ಹೆಸರು.

"ನಾಳೆ ಐದಕ್ಕ ಯಾರರ ಬಂದು ನಿನ್ನ ಫೋಟೊ ಹೊಡದ್ರ, ಅದರಾಗ ನೀ ಏನ್ ಮಾಡ್ಲಿಕ್ಕತ್ತಿರ್ತಿ? ಅದನ್ನ ಹೇಳು. ಮೊದಲು 'ವಿಲ್ ಬಿ', ಆಮ್ಯಾಲೆ ಕೆಲಸಕ್ಕ 'ಇಂಗ್' ಹಚ್ಚು."

"ಐ ವಿಲ್ ಬಿ ಪ್ಲಕಿಂಗ್ ಲೆಮನ್ಸ್" ಎನ್ನುತ್ತಾನೆ ತಬ್ರೇಜ. ಅವರದು ನಿಂಬೆ ತೋಟ. "ಐ ವಿಲ್ ಬಿ ವಾಷಿಂಗ್ ದ ಬಫೆಲೋ" ಎನ್ನುತ್ತಾಳೆ ಶಿವಾನಿ. ಅವರ ಎಮ್ಮೆಯಷ್ಟು ಸ್ವಚ್ಛವಾದ ಎಮ್ಮೆ ತಾಲೂಕಿನಲ್ಲಿಲ್ಲ.

ಉತ್ತರ ಸರಿಯಿದ್ದರೆ ವರದಾ "ಬರೋಬರಿ" ಎನ್ನುತ್ತಾಳೆ. ಯಾರಾದರೂ ತಡವರಿಸಿ ನಿಂತರೆ ಉಳಿದವರೆಲ್ಲ ಒಟ್ಟಿಗೆ ಅವರ ಪರವಾಗಿ ಕೂಗಿ ಹೇಳಬೇಕು. ಇದು ಅವಳ ಪದ್ಧತಿ. ನನ್ನ ಮಧ್ಯಾಹ್ನದ ನಿದ್ದೆ ಮುಗಿಯುವುದೇ ಆ ಕೂಗಿಗೆ.

ಈ ಸಲ ನಿಡಗುಂದಿಯಿಂದ ಪಾರ್ಥನೆಂಬ ವರ ಬರುವವನಿದ್ದ. ಔಷಧಿ ಅಂಗಡಿಯವನು. ವರದಾಳ ತಾಯಿ ರುಕ್ಮಿಣೀಬಾಯಿ ಮೊದಲೇ ಮಗಳಿಂದ ಮಾತು ತೆಗೆದುಕೊಂಡಿದ್ದರು: "ಅವರು ಏನ್ ಕೇಳಿದ್ರೂ 'ನೀವು ಹೇಳ್ದಂಗ' ಅಂತನ್ನು. ನನಗ ಸಾಕಾಗ್ಯದವಾ."

ವರದಾ ಹೂಂ ಎಂದಳು. ನನಗೆ ಸಂಕಟವಾಯಿತು. ಆದರೆ ಕನ್ಯೆ ನೋಡುವ ದಿನ ನೆರೆಯವನ ಕೆಲಸ ಅವಲಕ್ಕಿ ತಿಂದು ತಲೆಯಾಡಿಸುವುದಷ್ಟೇ.

ಮೂರಕ್ಕೆ ಬರಬೇಕಾದವರು "ಮನಗೂಳಿ ದಾಟೇವ್ರಿ, ಬಂದೇ ಬಿಟ್ವಿ" ಎಂದು ಫೋನ್ ಮಾಡಿದರು. ನಮ್ಮ ಕಡೆ ಹಾಗೆಂದರೆ ಇನ್ನೂ ಮನೆಗೆ ಕೀಲಿ ಹಾಕುತ್ತಿದ್ದಾರೆ ಎಂದರ್ಥ. ಅವರು ಬಂದಾಗ ಐದು ದಾಟಿತ್ತು, ಮಕ್ಕಳು ಜಮಖಾನ ತುಂಬಿದ್ದರು. ಹುಡುಗರನ್ನು ಮನೆಗೆ ಕಳಿಸೆಂದು ರುಕ್ಮಿಣೀಬಾಯಿ ಮಗಳಿಗೆ ಕಣ್ಣಿನಲ್ಲೇ ಹೇಳಿದರು. ಮರುದಿನ ಮಕ್ಕಳಿಗೆ ಪರೀಕ್ಷೆ, ಯಾರೂ ಏಳಲಿಲ್ಲ. ವರನ ಕಡೆಯವರು ಗೋಡೆ ಬದಿಯ ಕುರ್ಚಿಗಳಲ್ಲಿ ಕೂತರು. ಅವಲಕ್ಕಿ ಬಂತು. ನಾನು ತಲೆಯಾಡಿಸಲು ಶುರುಮಾಡಿದೆ.

ವರನ ತಾಯಿ ಅವಲಕ್ಕಿಯೊಳಗಿನ ಶೇಂಗಾ ಆರಿಸಿ ಮುಗಿಸಿ, ಕರಿಹಲಗೆಯನ್ನೂ ಮಕ್ಕಳನ್ನೂ ನೋಡಿದರು.

"ಹುಡುಗಿ ಛಲೋ ಇದ್ದಾಳ್ರಿ. ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡವಾ. ಮದುವಿ ಆದಮ್ಯಾಲೆ ದಿನಾ ಐದಕ್ಕ ನೀ ಏನ್ ಮಾಡ್ಲಿಕ್ಕತ್ತಿರ್ತಿ?"

ವರದಾ ತಾಯಿಯ ಮುಖ ನೋಡಿದಳು. ಬಾಯಿ ತೆರೆದಳು. "ನೀವು..." ಎಂದಳು. ತಡವರಿಸಿ ನಿಂತಳು.

ಪದ್ಧತಿ ಅಂದರೆ ಪದ್ಧತಿ. ಜಮಖಾನಕ್ಕೆ ಜಮಖಾನವೇ ಕೂಗಿತು: "ಶಿ ವಿಲ್ ಬಿ ಟೀಚಿಂಗ್!"

ಪಾರ್ಥನ ಚಮಚ ಬಾಯಿಯ ಹತ್ತಿರ ನಿಂತಿತು. ಮಕ್ಕಳು ಎಂದಿನಂತೆ ವರದಾಳನ್ನೇ ನೋಡುತ್ತಾ ಕಾದರು. ಸರಿಯೋ ತಪ್ಪೋ ಹೇಳಬೇಕಲ್ಲ. ತಪ್ಪು ಎಂದಿದ್ದರೆ ಮದುವೆ ಆಗುತ್ತಿತ್ತು. ಆದರೆ ಸರಿಯಿದ್ದ ಉತ್ತರವನ್ನು ತಪ್ಪೆಂದು ಅವಳು ಆ ಮಕ್ಕಳಿಗೆ ಎಂದೂ ಹೇಳಿದವಳಲ್ಲ.

"ಬರೋಬರಿ" ಎಂದಳು.

"ಏನಂದ್ರೋ?" ಎಂದರು ವರನ ತಾಯಿ.

"ಕಲಿಸ್ಲಿಕ್ಕತ್ತಿರ್ತಾರಂತ" ಎಂದ ಪಾರ್ಥ, ತಟ್ಟೆಯಿಂದ ತಲೆಯೆತ್ತದೆ.

ಚಹಾ ಕುಡಿದು "ಫೋನ್ ಮಾಡ್ತೇವ್ರಿ" ಎಂದು ಅವರು ಎದ್ದರು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಆ ಮಾತಿಗೆ ಒಂದೇ ಅರ್ಥ. ರುಕ್ಮಿಣೀಬಾಯಿ ಯಾರನ್ನೂ ನೋಡದೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಸಂಜೆ ನಾನು, ಉಳಿದ ಅವಲಕ್ಕಿ ತುಂಬಿ ಕೊಟ್ಟಿದ್ದ ಅವರ ಡಬ್ಬಿ ಮರಳಿಸಲು ಹೋದೆ. ತಾಯಿ-ಮಗಳು ಬೆಳಿಗ್ಗೆಯಿಂದ ಮಾತಾಡಿರಲಿಲ್ಲ. ಬರುವ ಮಕ್ಕಳಿಗೆ ಇವತ್ತು ಪಾಠವಿಲ್ಲ ಎಂದು ಹೇಳಲು ವರದಾ ಹೊಸ್ತಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ರುಕ್ಮಿಣೀಬಾಯಿ ಒಳಗಿನಿಂದ ಜಮಖಾನ ಹೊತ್ತು ತಂದರು. ಝಾಡಿಸಿ, ಸುಕ್ಕು ತೆಗೆದು, ತಾವೇ ಹಾಸಿದರು.

"ಹಂಗ್ಯಾಕ ನಿಂತಿ?" ಎಂದರು ಮಗಳಿಗೆ. "ಐದಾತು."