ಪಾದ ಕಾಣುವ ಪಟ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಹಳೆಯ ಮನೆ. ಹಿತ್ತಾಳೆ ಕಟ್ಟಿನ ಎರಡು ಲೆನ್ಸುಗಳನ್ನು ಅವರು ಒರಟು ರೇಷ್ಮೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಇಷ್ಟು ವರ್ಷವಾದರೂ ಆ ಬಟ್ಟೆಯಲ್ಲಿ ಗೂಡು ಬೇಯಿಸಿದ ನೀರಿನ, ಸತ್ತ ಹುಳದ ಕಮಟು ಉಳಿದಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನಮಗೆ ಅನ್ನ ಕೊಟ್ಟ ವಾಸನೆ. ಒಂದು ಲೆನ್ಸು ನನ್ನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಇನ್ನೊಂದು ಪಾವಿನಷ್ಟು ದೊಡ್ಡದು, ಭಾರ. ಆ ದೊಡ್ಡದನ್ನು ಕೈಗೆತ್ತಿಕೊಂಡಾಗ ಚಿಕ್ಕಪ್ಪ ಅಜ್ಜಿಯ ಪಟ ಹಿಡಿದ ದಿನ ನೆನಪಾಯಿತು.

ಆಗ ನನಗೆ ಏಳೋ ಎಂಟೋ ವರ್ಷ. ಎರಡನೇ ಮಹಾಯುದ್ಧದ ಕಾಲ. ಚಿಕ್ಕಪ್ಪ ಬೆಂಗಳೂರಿನಲ್ಲಿ ಪಟ ಹಿಡಿಯುವುದನ್ನು ಕಲಿತು, ಹಳೆಯದೊಂದು ಕ್ಯಾಮೆರಾ ಹೊತ್ತು ಊರಿಗೆ ಬಂದಿದ್ದರು. ಅಜ್ಜಿಗೆ ಅವರು ಕೊನೆಯ ಮಗ. ತಾತ ತೀರಿಕೊಂಡು ವರ್ಷಗಳಾಗಿದ್ದವು. ನಡುಮನೆಯ ಗೋಡೆಯ ಮೇಲಿದ್ದ ಅವರ ಪಟ ಎದೆಯವರೆಗೆ ಮಾತ್ರ ಇತ್ತು. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು ನಾವೆಲ್ಲ ಅಡ್ಡಬೀಳುವಾಗ ಅಜ್ಜಿ ಗೊಣಗುತ್ತಿದ್ದಳು: "ಪಾದಾನೇ ಇಲ್ವಲ್ಲೋ, ಎಲ್ಲಿ ಅಂತ ಹೂವ ಇಡ್ಲಿ? ಮುಖಕ್ಕೆ ಅಡ್ಡಬೀಳೋದು ಯಾವೂರ ಪದ್ಧತಿ?" ಪಕ್ಕದೂರು ಆವತಿಯಿಂದ ರೇಷ್ಮೆಗೂಡಿನ ಮಂಕರಿ ಹೊತ್ತು ನಡೆದು ನಡೆದು ಮಕ್ಕಳನ್ನು ಸಾಕಿದವಳು ಅವಳು. ಆ ವರ್ಷ ಅವಳ ಕಾಲು ಸಂಜೆಯಾದರೆ ಬಾತುಕೊಳ್ಳತೊಡಗಿತ್ತು. ಒಂದು ಬೆಳಿಗ್ಗೆ ಚಿಕ್ಕಪ್ಪನನ್ನು ಕರೆದು ಹೇಳಿದಳು: "ಈ ಕಾಲು ಕಾಲಿನಂಗೆ ಇರೋವಾಗ್ಲೇ ಒಂದು ಪಟ ಹಿಡಿಯೋ. ತಲೆಯಿಂದ ಉಗುರಿನ ತನಕ. ನನ್ನ ಬಾಗಿಲ ಮುಂದೆ."

ಪಟ ಮೂಡಿಸುವ ಗಾಜಿನ ಪ್ಲೇಟು ಸಿಗದ ದಿನಗಳು ಅವು. ಚಿಕ್ಕಪ್ಪನ ಬಳಿ ಉಳಿದಿದ್ದದ್ದು ಒಂದೇ. ತಪ್ಪಿದರೆ ಮತ್ತೆ ಯಾವಾಗಲೋ, ಅಜ್ಜಿಗೆ ಅಷ್ಟು ದಿನ ಇದೆಯೋ ಇಲ್ಲವೋ. ಅವರು ಮೊದಲು ಚಿಕ್ಕ ಲೆನ್ಸು ಹಾಕಿ ಮನೆಯೊಳಗೇ ನೋಡಿದರು. ಕರಿ ಬಟ್ಟೆಯೊಳಗಿಂದ ತಲೆ ಹೊರಹಾಕಿ ನಕ್ಕರು.

"ಅವ್ವಾ, ಇಷ್ಟು ಹತ್ರದಿಂದ ಹಿಡಿದ್ರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ."

"ನನ್ನ ಕಾಲು ಕಡ್ಡಿ ಅಲ್ಲ ಕಣೋ. ಇನ್ನೊಂದು ಇದ್ಯಲ್ಲ, ಅದನ್ನ ಹಾಕು."

"ಅದಾದ್ರೆ ಇದ್ದದ್ದು ಇದ್ದಂಗೇ ಬರುತ್ತೆ. ಆದ್ರೆ ದೂರ ಹೋಗ್ಬೇಕು. ಬೀದಿ ದಾಟಿ…" ಎಂದು ಚಿಕ್ಕಪ್ಪ ಮಾತು ನಿಲ್ಲಿಸಿದರು.

ಬೀದಿಯ ಆಚೆ ಇದ್ದದ್ದು ಅಜ್ಜಿಯ ಓರಗಿತ್ತಿ ಮುನಿಯಮ್ಮನ ಮನೆ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ನಾವು ಮಕ್ಕಳು ಆ ಜಗಲಿಯ ಮೇಲೆ ಕಾಲಿಡುವಂತಿರಲಿಲ್ಲ. ಗುಡಿಯ ಮುಂದಿನ ಬಯಲಿನಲ್ಲಿ ಹಿಡಿಯೋಣವೆಂದು ಚಿಕ್ಕಪ್ಪ ಹೇಳಿದರು. "ದಿಕ್ಕಿಲ್ಲದೋಳ ಹಂಗೆ ಬಯಲಲ್ಲಿ ನಿಲ್ಲಲ್ಲ" ಎಂದಳು ಅಜ್ಜಿ. ಸ್ವಲ್ಪ ಹೊತ್ತು ತನ್ನ ಕಾಲುಗಳನ್ನೇ ನೋಡಿಕೊಂಡಳು. ಆಮೇಲೆ ನನ್ನ ಹೆಗಲು ಹಿಡಿದು ಎದ್ದು, ಬೀದಿ ದಾಟಿದಳು.

ಮುನಿಯಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಇಷ್ಟು ವರ್ಷ ಕಾಣದಿರೋ ಜಗಲಿ ಇವತ್ತು ಕಾಣ್ತಾ ಅಕ್ಕಯ್ಯಾ?"

"ನನ್ನ ಕಾಲು ಪಟದಲ್ಲಿ ಬರ್ಬೇಕು. ಅದಕ್ಕೆ ನಿನ್ನ ಜಗಲಿ ಬೇಕು."

"ಅಂದ್ರೆ ಬೇಕಾಗಿದ್ದು ಜಗಲಿ. ನಾನಲ್ಲ."

ಅಜ್ಜಿ ಹಿಂದಿರುಗಲಿಲ್ಲ. ಹಾಗೇ ನಿಂತಳು. ಅವಳ ಬಾತ ಕಾಲು ನಡುಗುತ್ತಿದ್ದುದು ಹೆಗಲಿನ ಮೂಲಕ ನನಗೆ ತಿಳಿಯುತ್ತಿತ್ತು. ಮುನಿಯಮ್ಮನ ಕಣ್ಣು ಆ ಕಾಲಿನ ಮೇಲೆ ಬಿತ್ತು. ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, "ಇಡ್ಲಿ ಬಿಡು ನಿನ್ನ ಮಗ ಅವನ ಡಬ್ಬಾನ" ಎಂದಳು.

ಹೀಗೆ ಕ್ಯಾಮೆರಾ ಆಚೆ ಜಗಲಿಗೆ ಹೋಯಿತು. ಅಜ್ಜಿ ತನ್ನ ಬಾಗಿಲ ಮುಂದೆ, ಜಗಲಿಯ ಮೇಲೆ ನಿಂತಳು. ಚಿಕ್ಕಪ್ಪ ನನ್ನನ್ನೂ ಕರಿ ಬಟ್ಟೆಯೊಳಗೆ ಕರೆದರು. ಒಳಗಿನ ಗಾಜಿನ ಮೇಲೆ ಅಜ್ಜಿ ತಲೆಕೆಳಗಾಗಿ ನಿಂತಿದ್ದಳು. ಬಾಗಿಲು, ತೋರಣ, ಎಲ್ಲವೂ ತಲೆಕೆಳಗು. ಪ್ಲೇಟು ಹಾಕಿ, ಲೆನ್ಸಿನ ಮುಚ್ಚಳಕ್ಕೆ ಅವರು ಕೈ ಇಟ್ಟರು. ಅಷ್ಟರಲ್ಲಿ ಪಕ್ಕದಿಂದ ಮುನಿಯಮ್ಮ ಕೂಗಿದಳು: "ನಿಲ್ಸೋ! ಸೀರೆ ನೋಡು ಅವಳದ್ದು!"

ಪಟಕ್ಕೆಂದು ಒಳ್ಳೆಯ ಸೀರೆ ಉಟ್ಟ ಅಜ್ಜಿ, ಹಬ್ಬಕ್ಕೆ ಉಡುವಂತೆ ನೆರಿಗೆಯನ್ನು ನೆಲದವರೆಗೂ ಬಿಟ್ಟಿದ್ದಳು. ಪಾದಕ್ಕಾಗಿ ಲೆನ್ಸು ಬದಲಾಯಿಸಿ, ಬೀದಿ ದಾಟಿ, ಕೊನೆಗೆ ಪಾದವನ್ನೇ ಮುಚ್ಚಿಕೊಂಡು ನಿಂತಿದ್ದಳು. ನಮ್ಮಲ್ಲಿ ಯಾರೊಬ್ಬರೂ ಅದನ್ನು ಗಮನಿಸಿರಲಿಲ್ಲ. ಮುನಿಯಮ್ಮ ಸರಸರನೆ ಬೀದಿ ದಾಟಿ ಬಂದು, ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೆರಿಗೆಯನ್ನು ಗೇಣುದ್ದ ಮೇಲಕ್ಕೆ ಸಿಕ್ಕಿಸಿದಳು. ಬೆರಳಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು.

"ಬಗ್ಗಿದ್ದು ಅಡ್ಡಬೀಳೋಕಲ್ಲ ಅಕ್ಕಯ್ಯಾ, ನೆರಿಗೆಗೆ" ಎಂದಳು.

"ಗೊತ್ತು ಬಿಡೇ" ಎಂದ ಅಜ್ಜಿ ಅವಳ ತಲೆಯ ಮೇಲೆ ಕೈ ಇಟ್ಟಳು.

ಪಟ ಹಿಡಿಯುವ ಮುನ್ನ ಚಿಕ್ಕಪ್ಪ ಪ್ಲೇಟನ್ನು ಹೊರತೆಗೆದು, ನನ್ನನ್ನು ಮತ್ತೊಮ್ಮೆ ಕರಿ ಬಟ್ಟೆಯೊಳಗೆ ಕರೆದು ಗಾಜಿನ ಮೇಲೆ ಆ ಪಾದಗಳನ್ನು ತೋರಿಸಿದರು. ಮುಂದಿನ ಹಿರಿಯರ ಹಬ್ಬಕ್ಕೆ ಅಜ್ಜಿ ಗೋಡೆಯ ಮೇಲಿದ್ದಳು. ಮೊದಲ ಹೂವನ್ನು ಅವಳ ಪಾದಕ್ಕೆ ಇಟ್ಟವಳು ಮುನಿಯಮ್ಮ. ಈಗ ಆ ಎರಡು ಜಗಲಿಗಳೂ ಇಲ್ಲ. ಬೀದಿ ಅಗಲವಾಗಿ ಎರಡನ್ನೂ ನುಂಗಿದೆ. ಪಟದ ಕೆಳಗಿನ ಅಂಚಿಗೆ ತೇವ ಹಿಡಿದಿದೆ. ಮೊನ್ನೆ ಕಟ್ಟು ಹಾಕಿಸಲು ಕೊಂಡೊಯ್ದಾಗ ಅಂಗಡಿಯವನು, "ಕೆಳಗಡೆ ಹಾಳಾಗಿದೆ ಅಮ್ಮಾ, ಎದೆ ಮಟ್ಟಕ್ಕೆ ಕತ್ತರಿಸಿ ಚೆನ್ನಾಗಿ ಮಾಡ್ಕೊಡ್ತೀನಿ" ಎಂದ. ಅವನ ಕೈಯಿಂದ ಪಟವನ್ನು ತೆಗೆದುಕೊಂಡು ಮನೆಗೆ ಬಂದೆ. ಕಲೆ ಇದ್ದರೆ ಇರಲಿ. ಆ ದಿನ ಕರಿ ಬಟ್ಟೆಯೊಳಗಿನ ಕತ್ತಲಲ್ಲಿ ಅವಳ ಮುಖ ಕೆಳಗಿತ್ತು, ಪಾದ ಮೇಲಿತ್ತು. ನಾನು ಬಗ್ಗಬೇಕಾಗಿರಲಿಲ್ಲ, ಆ ಪಾದಗಳು ಆಗಲೇ ನನ್ನ ತಲೆಯ ಮೇಲಿದ್ದವು.