ಮೀನಿಗೆ ಬಾಸಿ ನೀರು

ನಮ್ಮ ಬಸವಕಲ್ಯಾಣದ ಬಜಾರದಲ್ಲಿ ಬಟ್ಟೆ ಅಂಗಡಿಯವನೊಬ್ಬ ಗಲ್ಲಾಪೆಟ್ಟಿಗೆಯ ಪಕ್ಕ ಗಾಜಿನ ತೊಟ್ಟಿಯಿಟ್ಟು ನಾಲ್ಕು ಕೆಂಪು ಮೀನು ಬಿಟ್ಟಾಗಿನಿಂದ ನನಗೆ ಊರಿನಲ್ಲಿ ಒಂದು ಅನಪೇಕ್ಷಿತ ಪಾಂಡಿತ್ಯ ಪ್ರಾಪ್ತವಾಗಿದೆ. ದಾರಿಯಲ್ಲಿ ಸಿಕ್ಕವರು ಸೈಕಲ್ಲು ಹಿಡಿದು ನಿಲ್ಲಿಸಿ, "ಮಾಸ್ತರ, ನಿಮ್ಮ ಮನ್ಯಾಗಿನ ಮೀನು ಇಷ್ಟು ವರ್ಷ ಹ್ಯಾಂಗ ಬದುಕ್ಯಾವ್ರಿ?" ಎಂದು ಕೇಳುತ್ತಾರೆ. ಇಪ್ಪತ್ತು ವರ್ಷ ಈ ಊರಿನಲ್ಲಿ ಇತಿಹಾಸ ಕಲಿಸಿದ್ದೇನೆ. ಚಾಲುಕ್ಯರು ಆಳಿದ ನೆಲದ ಮೇಲೇ ನಿಂತುಕೊಂಡು ಚಾಲುಕ್ಯರ ಬಗ್ಗೆ ನನ್ನನ್ನು ಒಂದು ಪ್ರಶ್ನೆ ಕೇಳಿದವರಿಲ್ಲ. ಮೀನಿನ ವಿಷಯಕ್ಕೆ ನನ್ನ ಉತ್ತರ ಎರಡೇ ಮಾತು: ಚಿಟಿಕೆಯಷ್ಟೇ ಪುಟಾಣಿ ಹಿಟ್ಟು ಹಾಕಿರಿ, ನೀರನ್ನು ಪೂರ್ತಿ ಬದಲಿಸಬೇಡಿರಿ. ಆ ಎರಡನೆಯ ಮಾತನ್ನು ನಾನು ಹೇಗೆ ಕಲಿತೆನೆಂಬುದನ್ನು ಮಾತ್ರ ಹಾಗೆ ಕೇಳಿದ ಯಾರಿಗೂ ಹೇಳಿಲ್ಲ. ಓದುಗ ಮಿತ್ರರೇ, ನಿಮಗೆ ಹೇಳುತ್ತೇನೆ. ಏಕೆಂದರೆ ನೀವು ನಮ್ಮ ಓಣಿಯವರಲ್ಲ.

ನನ್ನ ಅಕ್ಕ ಗಂಗಾಬಾಯಿಯನ್ನು ಮೋರಖಂಡಿಗೆ ಕೊಟ್ಟಿತ್ತು. ಭಾವ ಕಾಮಾಲೆಯಿಂದ ತೀರಿಕೊಂಡರು. ಅತ್ತೆಮನೆಯವರು ಕಾಮಾಲೆಯನ್ನು ಬಿಟ್ಟು ಅಕ್ಕನ ಕೈಯನ್ನು ಹಿಡಿದುಕೊಂಡರು. ಆಕೆ ಕರೆದ ಎಮ್ಮೆ ಸತ್ತಿತ್ತು, ಆಕೆ ನೆಟ್ಟ ನಿಂಬೆ ಒಣಗಿತ್ತು, ಈಗ ಆಕೆಯ ಕೈಯ ಅನ್ನ ಉಂಡ ಮಗನೂ ಹೋದ. ಆದ್ದರಿಂದ ಆಕೆಯ ಕೈಗುಣ ನೆಟ್ಟಗಿಲ್ಲ ಎಂದು ತೀರ್ಪಾಯಿತು. ಮೂರು ತಿಂಗಳಿಗೆ ಅಕ್ಕ ಒಂದು ಟ್ರಂಕಿನೊಂದಿಗೆ ನಮ್ಮ ಮನೆಗೆ ಬಂದಳು. ಅಡಿಗೆ ಮಾಡಿ ಬಡಿಸುತ್ತಿದ್ದಳು, ನಾನೂ ನನ್ನ ಹೆಂಡತಿಯೂ ಉಂಡು ಕೈತೊಳೆದು ಅರ್ಧ ತಾಸಿಗೆ ಬಾಗಿಲಲ್ಲಿ ನಿಂತು, "ಇಬ್ಬರೂ ಆರಾಮ ಅದೀರಿಲ್ಲ?" ಎಂದು ಕೇಳುತ್ತಿದ್ದಳು.

ಆಕೆಯ ಕೈಯಲ್ಲಿ ಯಾವುದಾದರೂ ಒಂದು ಜೀವ ಬದುಕಿ ಬೆಳೆದರೆ ಈ ಭಯ ಹೋದೀತು ಎಂದು ನನ್ನ ಇತಿಹಾಸಪ್ರವೀಣ ಬುದ್ಧಿಗೆ ಹೊಳೆಯಿತು. ಮಾಣಿಕನಗರದ ಟ್ರಂಕು ಮಾಡುವವನಿಂದ ಕಬ್ಬಿಣದ ಪಟ್ಟಿಗೆ ಗಾಜು ಕೂಡಿಸಿ, ಸಂದಿ ಸೋರದಂತೆ ಪುಟ್ಟಿ ಮೆತ್ತಿಸಿ ಒಂದು ತೊಟ್ಟಿ ಮಾಡಿಸಿದೆ. ಮೊದಲ ದಿನವೇ ಅದು ಸೋರಿ, ನಾನು ವರ್ಷಗಟ್ಟಲೆ ಬರೆದಿಟ್ಟ ಪಾಠದ ಟಿಪ್ಪಣಿಗಳು ಜಲಸಮಾಧಿ ಹೊಂದಿದವು. ವಿದ್ಯಾರ್ಥಿಗಳಿಗೆ ಅದೊಂದು ಶುಭವಾರ್ತೆ. ಎರಡನೆಯ ಸಲ ಪುಟ್ಟಿ ನಿಂತಿತು. ಹೈದರಾಬಾದಿಗೆ ಹೋಗಿ, ಆರು ಕೆಂಪು ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನವರೆಗೆ ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕುಳಿತ ಹಳ್ಳಿಖೇಡದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಸಾರಿಗೆ ಇಷ್ಟು ಸಾಲ್ತಾವೇನ್ರಿ?" ಎಂದು ಕನಿಕರದಿಂದ ವಿಚಾರಿಸಿದರು.

ಅಕ್ಕ ಮೀನುಗಳನ್ನು ನೋಡಿ ನಕ್ಕಳು. ಮೋರಖಂಡಿಯಿಂದ ಬಂದ ಮೇಲೆ ಅದೇ ಮೊದಲು. ಆ ಹುಮ್ಮಸ್ಸಿನಲ್ಲಿ ನಾನು ಗುರುಪೀಠವನ್ನೇರಿ ಅಪ್ಪಣೆ ಕೊಡಿಸಿದೆ: ದಿನಾ ಮುಂಜಾನೆ ತೊಟ್ಟಿಯ ನೀರು ಪೂರ್ತಿ ಚೆಲ್ಲಬೇಕು, ಗಾಜು ತಿಕ್ಕಬೇಕು, ಬಾವಿಯ ತಾಜಾ ನೀರು ತುಂಬಬೇಕು. ನಮ್ಮ ಕಡೆ ನಿನ್ನೆಯ ನೀರೆಂದರೆ ಬಾಸಿ ನೀರು, ಅಂದರೆ ಹಳಸಿದ್ದು. ಬೆಳಗಾದರೆ ಕೊಡ ಬರಿದು ಮಾಡಿ, ಬೂದಿಯಿಂದ ಬೆಳಗಿ, ಹೊಸ ನೀರು ತರದ ಮನೆಯಲ್ಲಿ ಬೀಗರು ನೀರು ಕುಡಿಯುವುದಿಲ್ಲ. ಮನುಷ್ಯರಿಗೇ ಸಲ್ಲದ್ದು ಮೀನಿಗೆ ಹೇಗೆ ಸಂದೀತು? ಅಕ್ಕ ಸ್ನಾನ ಮಾಡಿ, ಮಡಿಯುಟ್ಟು, ದೇವರ ತಂಬಿಗೆ ಬೆಳಗಿದಷ್ಟೇ ಶ್ರದ್ಧೆಯಿಂದ ಆ ಕೆಲಸ ಮಾಡಿದಳು. ನಾಲ್ಕನೆಯ ದಿನ ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು. ವಾರದೊಳಗೆ ಆರೂ ಮುಗಿದವು.

ಮತ್ತೆ ಆರು ತಂದೆ. ಈ ಸಲ ಆಕೆ ದಿನಕ್ಕೆ ಎರಡು ಹೊತ್ತು ನೀರು ಬದಲಿಸಿದಳು. ಅವು ಐದೇ ದಿನ ಬಾಳಿದವು. ಕೊನೆಯದನ್ನು ಹಿತ್ತಿಲಲ್ಲಿ ಹೂತು ಬಂದು, "ತಮ್ಮಾ, ಇನ್ನ ತರಬ್ಯಾಡ. ಪಾಪ, ಅವಕ್ಕ ನನ್ನ ಕೈ ತಾಕಾಕತ್ತದ" ಎಂದಳು. ಅಂದಿನಿಂದ ಅಡಿಗೆಮನೆಯನ್ನೂ ಬಿಟ್ಟಳು.

ನಾನು ಸಿಟ್ಟಿನಿಂದ ಹೈದರಾಬಾದಿನ ಮೀನಿನ ಅಂಗಡಿಯವನ ಮೇಲೆ ಜಗಳಕ್ಕೆ ಹೋದೆ. ಆತ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಹಣೆ ಬಡಿದುಕೊಂಡ. ಮೀನು ಬದುಕುವುದು ತಾನು ಪಳಗಿದ ಹಳೆಯ ನೀರಿನಲ್ಲಿ. ಬದಲಿಸಿದರೆ ವಾರಕ್ಕೊಮ್ಮೆ ಕಾಲುಭಾಗ, ಅದೂ ಒಂದು ದಿನ ತುಂಬಿಟ್ಟ ನೀರು. "ತುಮ್ಹಾರಾ ತಾಜಾ ಪಾನೀಚ್ ಮಾರಾ, ಮಾಸ್ಟರ್ ಸಾಬ್" ಎಂದ. ನನ್ನ ತಾಜಾ ನೀರೇ ಅವನ್ನು ಕೊಂದಿತ್ತಂತೆ. ಹನ್ನೆರಡು ಮೀನುಗಳನ್ನು ಕೊಂದದ್ದು ನನ್ನ ಅಪ್ಪಣೆ. ಅಕ್ಕನ ಕೈ ಅದನ್ನು ಪಾಲಿಸಿತ್ತಷ್ಟೆ.

ಮನೆಗೆ ಬಂದ ಗಳಿಗೆಯಲ್ಲೇ ಇದನ್ನು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನೆರೆಹೊರೆಯವರನ್ನೆಲ್ಲ ಕೂಡಿಸಿ ತಾಜಾ ನೀರಿನ ಮಹಿಮೆಯ ಬಗ್ಗೆ ಉಪನ್ಯಾಸ ಮಾಡಿದ್ದ ಬಾಯಿ ನನ್ನದು. ಅಷ್ಟು ಸುಲಭವಾಗಿ ತೆರೆಯಲಿಲ್ಲ. ಮೊದಲು ಮೀನು ಬದುಕಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಜಾಣತನ ಹೇಳಿಕೊಂಡು, ಹೊಸದಾಗಿ ತಂದ ಆರನ್ನು ಬಾಸಿ ನೀರಿನಲ್ಲಿ ಬಿಟ್ಟು ನಾನೇ ನೋಡಿಕೊಂಡೆ. ಅವು ಬದುಕಿದವು. ತಿಂಗಳಾಯಿತು, ಎರಡು ತಿಂಗಳಾಯಿತು, ಕೊಬ್ಬಿ ಹೊಳೆದವು. ಅಕ್ಕ ದೂರದಿಂದ ದಿನಾ ನೋಡುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಆಕೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಆಕೆ ನನ್ನ ತಲೆ ಸವರಲು ಕೈ ಎತ್ತಿ, ಅರ್ಧಕ್ಕೇ ಇಳಿಸಿಕೊಂಡಳು.

"ಸಣ್ಣಾಂವ ಇದ್ದಾಗಿಂದ ನೀ ನನ್ನ ತಪ್ಪು ನಿನ್ನ ತಲಿ ಮ್ಯಾಲ ಹೊತ್ತಕೊಂಡೇ ಬಂದಿ, ತಮ್ಮಾ. ಈಗೂ ಹಂಗೇ ಮಾಡಾಕತ್ತೀದಿ. ನಾ ಮುಟ್ಟೂದು ಬಿಟ್ಟ ಮ್ಯಾಲ ಅವು ಬದುಕಿದ್ದು ನನಗ ಕಾಣಸೂದಿಲ್ಲೇನು?"

ಆಣೆ ಇಟ್ಟೆ, ಅಂಗಡಿಯವನ ಮಾತನ್ನು ಇದ್ದದ್ದು ಇದ್ದಂತೆ ಒಪ್ಪಿಸಿದೆ, ಅತ್ತೂಬಿಟ್ಟೆ. ನಾನು ಬೇಡಿಕೊಂಡಷ್ಟೂ ಆಕೆಗೆ ತಮ್ಮನ ಮಮತೆಯೇ ಕಂಡಿತು. ಎರಡು ತಿಂಗಳು ಮೊದಲೇ ಹೇಳಿದ್ದರೆ ನಂಬುತ್ತಿದ್ದಳೋ ಏನೋ. ನಾನೇ ಸಾಕ್ಷಿಗಳನ್ನು ಕೊಬ್ಬಿಸಿ ಆಕೆಯ ಎದುರಿಗೆ ನಿಲ್ಲಿಸಿದ್ದೆ.

ಆ ವರ್ಷವೇ ನನ್ನ ಹೆಂಡತಿ ಹೆಣ್ಣು ಹೆತ್ತಳು. ಹುಮನಾಬಾದಿನ ಆಸ್ಪತ್ರೆಯಿಂದ ಕೂಸನ್ನು ತಂದು ಅಕ್ಕನ ಮುಂದೆ ಹಿಡಿದಾಗ, ಆಕೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕುತ್ತಿಗೆಯನ್ನಷ್ಟೇ ಮುಂದೆ ಮಾಡಿ ನೋಡಿದಳು. ಮಗಳಿಗೆ ಈಗ ನಾಲ್ಕು ವರ್ಷ. ಅತ್ತೆ ಎಂದರೆ ಪ್ರಾಣ ಅವಳಿಗೆ. ಓಡಿಬಂದು ತಾನೇ ತೊಡೆ ಹತ್ತಿ, ಎದೆಗೆ ಒರಗಿ ಕೂಡ್ರುತ್ತಾಳೆ. ಅಕ್ಕ ಬೇಡ ಅನ್ನುವುದಿಲ್ಲ, ಕಥೆಯನ್ನೂ ಹೇಳುತ್ತಾಳೆ. ಮಗು ಜಾರುತ್ತಿದ್ದರೆ ಮಾತ್ರ, "ಬಾರೋ ತಮ್ಮಾ, ಹಿಡಕೋ" ಎಂದು ನನ್ನನ್ನು ಕರೆಯುತ್ತಾಳೆ. ಆ ಕೈಗಳು ಸೆರಗಿನಿಂದ ಹೊರಗೆ ಬರುವುದಿಲ್ಲ.